ಹದಿಮೂರು ಹೇಂಟೆ, ಒಂದು ಹುಂಜ

ನಮ್ಮ ಸಾನ್ ಪಂಕ್ರಾಸಿಯೊದಲ್ಲಿ ದೇವರಿಗೆ ಹೆದರದವರಿದ್ದಾರೆ, ಪೊಲೀಸರಿಗೆ ಹೆದರದವರಿದ್ದಾರೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗಿನ ನಿದ್ದೆಯ ವಿಷಯದಲ್ಲಿ ಮಾತ್ರ ಎಲ್ಲರೂ ಭಕ್ತರೇ. ಆ ಹೊತ್ತಿನಲ್ಲಿ ಯಾರಾದರೂ ಸತ್ತರೆ ಮನೆಯವರು ನಾಲ್ಕು ಹೊಡೆಯುವವರೆಗೆ ಬಾಯಿ ಮುಚ್ಚಿಕೊಂಡಿದ್ದು ಆಮೇಲೆ ಅಳುತ್ತಾರೆ. ಕೆಲವು ವರ್ಷದ ಹಿಂದೆ ಯಾರದೋ ಹುಂಜ ಈ ಹೊತ್ತಿನಲ್ಲಿ ಕೂಗಿ, ನಿವೃತ್ತ ಹೆಡ್‌ಮಿಸ್ ದೋನ್ಯಾ ಹಸಿಂತಾ ಅವರ ನಿದ್ದೆ ಕೆಡಿಸಿತು. ಅವರು ಪುರಸಭೆಗೆ ಹನ್ನೊಂದು ಪುಟದ ಅರ್ಜಿ ಬರೆದರು. ಅದನ್ನು ಓದುವುದಕ್ಕಿಂತ ಕಾನೂನು ಮಾಡುವುದು ಸುಲಭ ಎಂದು ಪುರಸಭೆಯವರಿಗೆ ಅನ್ನಿಸಿತು. ಅಂದಿನಿಂದ ಊರಿನ ಎಲ್ಲೆಯೊಳಗೆ ಹುಂಜ ಸಾಕುವ ಹಾಗಿಲ್ಲ. ಹೇಂಟೆ ಎಷ್ಟಾದರೂ ಸಾಕಿ.

ಊರಿನ ಎಲ್ಲೆ ಎಂದರೆ ಗಿರಣಿ ರಸ್ತೆ. ಅದರ ಈಚೆ ಬದಿ ಊರು, ಆಚೆ ಬದಿ ಹಳ್ಳಿ. ಈಚೆ ಬದಿಯ ಮೂಲೆಯಲ್ಲಿ ನನ್ನ ಕ್ಷೌರದಂಗಡಿ, ಪಕ್ಕದಲ್ಲಿ ಬಾಲ್ದೊಮೇರೊನ ಮನೆ. ಅವನ ಮನೆಗೆ ಸರಿಯಾಗಿ ಎದುರು, ರಸ್ತೆಯ ಆಚೆ, ಅವನ ಹೆಂಡತಿ ಒತಿಲಿಯಾಳ ತಂಗಿ ಎದುವಿಹೆಸ್ ಒಬ್ಬಳೇ ಇದ್ದಾಳೆ. ಅಕ್ಕತಂಗಿಯರ ನಡುವೆ ಇರುವುದು ಹತ್ತು ಹೆಜ್ಜೆ ಮಣ್ಣು ರಸ್ತೆ. ಆದರೆ ಅವಳು ಹುಂಜ ಸಾಕಬಹುದು, ಇವಳು ಸಾಕುವ ಹಾಗಿಲ್ಲ.

ಕಳೆದ ಅಕ್ಟೋಬರಿನಲ್ಲಿ ಚರ್ಚಿನ ಜಾತ್ರೆಯ ಲಾಟರಿಗೆಂದು ಬ್ಯೂನಸ್ ಐರಿಸ್‌ನಿಂದ ಬಸ್ಸಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಂತು. ಒಳಗೆ ಹದಿನಾಲ್ಕು ರೇಷ್ಮೆ ಕೋಳಿಮರಿ. ಈ ಜಾತಿಯ ಕೋಳಿಗೆ ಪುಕ್ಕದ ಬದಲು ಬೆಕ್ಕಿನಂಥ ನುಣುಪು ಕೂದಲು, ತಲೆಯ ಮೇಲೆ ಪುಟ್ಟ ಟೋಪಿ, ಕಾಲಿಗೆ ಐದೈದು ಬೆರಳು. ಯಾರೋ ಪುಣ್ಯಾತ್ಮ ಚರ್ಚಿಗೆ ದಾನವಾಗಿ ಕಳಿಸಿದ್ದ. ಕೋಳಿ ಸಾಕುವವನು ದಾನಕ್ಕೆ ಹೇಂಟೆ ಕಳಿಸುತ್ತಾನೋ ಹುಂಜ ಕಳಿಸುತ್ತಾನೋ ಎಂದು ನಾವು ಒಂದು ಕ್ಷಣ ಯೋಚಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಲಾಟರಿ ದೇವರ ಕೈಯಲ್ಲಿತ್ತು, ಚೀಟಿಗಳು ಪಾದ್ರಿಯ ಕೈಯಲ್ಲಿದ್ದವು. ಹಾಗಾಗಿ ಪುರಸಭೆ ಅಧ್ಯಕ್ಷ ಗೊರೊಸಿತೊ, ಠಾಣೆಯ ಸಾಹೇಬ ಬರ್ರಾಗಾನ್, ಹೆಡ್‌ಮಿಸ್ ಹಸಿಂತಾ, ಪಾದ್ರಿಯ ಸ್ವಂತ ಅಡುಗೆಯಾಕೆ ಹೀಗೆ ಹದಿಮೂರು ಮಂದಿ ಗಣ್ಯರಿಗೇ ಮರಿ ಬಂದವು. ಹದಿನಾಲ್ಕನೆಯದು ಏನು ಪವಾಡವೋ ಒತಿಲಿಯಾಗೆ ಬಂತು.

ಒತಿಲಿಯಾಗೆ ಮಕ್ಕಳಿಲ್ಲ. ಮೂವತ್ತು ವರ್ಷ ಗಂಡನ ಮಾತು ಕೇಳಿದ್ದಾಳೆ, ಅದೇ ಅವಳ ದೊಡ್ಡ ಸಂಸಾರ. ಆ ಬಿಳಿ ಮರಿಯನ್ನು ಅಂಗೈಯಲ್ಲಿ ಇಟ್ಟುಕೊಂಡ ಗಳಿಗೆಯಲ್ಲಿ ಅವಳ ಮುಖ ನಾನು ನೋಡಿದೆ. ಅಲ್ಲೇ ಪೆಲೂಸಾ ಎಂದು ಹೆಸರಿಟ್ಟಳು, ಅಲ್ಲೇ ಎದೆಗೊತ್ತಿಕೊಂಡಳು. ಆಗ ಹೆಡ್‌ಮಿಸ್ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಇವುಗಳಲ್ಲಿ ಹುಂಜ ಯಾವುದು?"

ಪಶುವೈದ್ಯರನ್ನು ಕರೆಸಿದರು. ಅವರು ಒಂದು ಮರಿಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, "ಈ ಜಾತೀದು ಐದಾರು ತಿಂಗಳಾಗೋವರೆಗೂ ಗೊತ್ತಾಗಲ್ಲ. ಕಾಯ್ರಿ" ಎಂದರು. ಇಷ್ಟು ಸರಿಯಾದ ಮಾತು ಹೇಳಿದ್ದರಿಂದ ಅವರನ್ನು ಮತ್ತೆ ಯಾರೂ ಏನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಅಂಗಡಿಯಲ್ಲಿ ಇದೇ ಚರ್ಚೆ. ಅಧ್ಯಕ್ಷರು ಬೆಂಚಿನ ಮೇಲೆ, ಠಾಣೆ ಸಾಹೇಬರು ಬಾಗಿಲಲ್ಲಿ, ಬಾಲ್ದೊಮೇರೊ ನನ್ನ ಕುರ್ಚಿಯಲ್ಲಿ, ಅರ್ಧ ಮುಖ ಬೋಳಿಸಿ ಅರ್ಧ ಮುಖ ನೊರೆಯಲ್ಲಿ. ಅವನು ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿದವನು. ತಾನು ಮುದ್ರೆ ಒತ್ತಿದ್ದೆಲ್ಲ ಹೋಗಬೇಕಾದಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನಂಬಿದ್ದ. ನಿವೃತ್ತನಾದ ಮೇಲೆ ಒತ್ತಲು ಏನೂ ಸಿಗದೆ ಒಣಗಿಹೋಗಿದ್ದ.

"ಐದು ತಿಂಗಳಂತೆ!" ಎಂದ ಅವನು, ನೊರೆಯೊಳಗಿಂದ. "ನನಗೆ ಐದು ನಿಮಿಷ ಕೊಡಿ ಸಾಕು."

ನಾನು ಕತ್ತಿ ಎತ್ತಿದೆ. ಕತ್ತರಿಸಬೇಕಾದ್ದು ನಾಲಗೆ ಎಂದು ಆಗ ಹೊಳೆಯಲಿಲ್ಲ.

"ನಿಮಗೆ ಗೊತ್ತಾಗುತ್ತಾ ದೋನ್ ಬಾಲ್ದೊ?" ಎಂದು ಅಧ್ಯಕ್ಷರು ಎದ್ದೇಬಿಟ್ಟರು.

"ನಮ್ಮಜ್ಜಿ ವಿದ್ಯೆ ಸ್ವಾಮಿ. ಮದುವೆ ಉಂಗುರಕ್ಕೆ ದಾರ ಕಟ್ಟಿ ಮೇಲೆ ಹಿಡೀಬೇಕು. ಸುತ್ತಿದ್ರೆ ಹೆಣ್ಣು, ನೆಟ್ಟಗೆ ಆಡಿದ್ರೆ ಗಂಡು. ನಿಮ್ಮ ಸೊಸೆ ಬಸುರಿ ಆಗಿದ್ದಾಗ ಹೆಣ್ಣು ಅಂದಿದ್ದೆ. ಏನಾಯ್ತು?"

"ಹೆಣ್ಣೇ ಆಯ್ತು!" ಎಂದರು ಅಧ್ಯಕ್ಷರು, ಇದಕ್ಕಿಂತ ದೊಡ್ಡ ಸಾಕ್ಷಿ ಲೋಕದಲ್ಲಿಲ್ಲ ಎಂಬಂತೆ.

ಅರ್ಧ ಬೋಳಿಸಿದ ಮುಖದಲ್ಲೇ ಅವನನ್ನು ಚರ್ಚಿನ ಹಜಾರಕ್ಕೆ ಕರೆದುಕೊಂಡು ಹೋದರು. ನಾನು ಟವೆಲ್ ಹಿಡಿದು ಹಿಂದೆ ಓಡಿದೆ. ಒತಿಲಿಯಾಳ ಬೆರಳಿನ ಉಂಗುರವನ್ನೇ ಸೋಪು ಹಚ್ಚಿ ಬಿಡಿಸಿಕೊಂಡ. ಮೇಜಿನ ಮೇಲೆ ಮೊದಲ ಮರಿ ಅಧ್ಯಕ್ಷರದು. ಅಧ್ಯಕ್ಷರು ಮರಿಗೆ ತೀರಿಕೊಂಡ ತಾಯಿಯ ಹೆಸರಿಟ್ಟಿದ್ದರು, ದೋನ್ಯಾ ರೊಸೆಂದಾ ಎಂದು. ಅಂಥ ಮರಿ ಹುಂಜ ಎಂದು ಹೇಳಲು ಗುಂಡಿಗೆ ಬೇಕು. ಉಂಗುರ ಸುತ್ತಿತು. ಎರಡನೆಯದು ಠಾಣೆ ಸಾಹೇಬರದು. ಸಾಹೇಬರು ಬೆಲ್ಟು ಏರಿಸಿಕೊಂಡು ಪಕ್ಕದಲ್ಲೇ ನಿಂತಿದ್ದರು. ಉಂಗುರ ಇನ್ನೂ ಜೋರಾಗಿ ಸುತ್ತಿತು. ಹೀಗೆ ಒಂದರ ಮೇಲೊಂದು ಹದಿಮೂರು ಹೇಂಟೆ. ಪ್ರತಿಯೊಂದಕ್ಕೂ ಒಂದು ಚೀಟಿ, ಅವನ ಸಹಿ, ಪುರಸಭೆಯ ಮುದ್ರೆ. ಸಾಕ್ಷಿ ಎಂದು ನನ್ನ ಸಹಿಯನ್ನೂ ಹಾಕಿಸಿದರು. ಮುದ್ರೆ ಒತ್ತುವಾಗ ಬಾಲ್ದೊಮೇರೊನ ಮುಖದಲ್ಲಿ ಹೋದ ಜೀವ ಬಂದಂತಿತ್ತು.

ಉಳಿದದ್ದು ಪೆಲೂಸಾ. ಆಗ ಹೆಡ್‌ಮಿಸ್ ಮೂಗಿನಿಂದ ಒಂದು ಶಬ್ದ ಮಾಡಿದರು. "ಹದಿನಾಲ್ಕಕ್ಕೆ ಹದಿನಾಲ್ಕೂ ಹೇಂಟೇನಾ? ಲೆಕ್ಕದ ಪರೀಕ್ಷೇಲಿ ಇಂಥ ಉತ್ತರ ಬಂದಿದ್ರೆ ಸೊನ್ನೆ ಹಾಕ್ತಿದ್ದೆ."

ಬಾಲ್ದೊಮೇರೊ ಬೆವರಿದ. ಎಲ್ಲರೂ ಅವನನ್ನೇ ನೋಡಿದರು. ವಿದ್ಯೆಯ ಮಾನ ಉಳಿಯಬೇಕಾದರೆ ಒಂದಾದರೂ ಹುಂಜ ಬೇಕಿತ್ತು, ಉಳಿದಿದ್ದು ಒಂದೇ ಮರಿ. ಉಂಗುರ ಸ್ವಲ್ಪ ಹೊತ್ತು ಸುಮ್ಮನೆ ತೂಗಿತು. ಆಮೇಲೆ ನೆಟ್ಟಗೆ, ಗಡಿಯಾರದ ಲೋಲಕದ ಹಾಗೆ, ಆಡಿತು.

"ಹುಂಜ" ಎಂದ ಅವನು, ಹೆಂಡತಿಯನ್ನು ಬಿಟ್ಟು ಮಿಕ್ಕೆಲ್ಲರ ಮುಖ ನೋಡುತ್ತ. ಅದಕ್ಕೂ ಚೀಟಿ, ಮುದ್ರೆ, ನನ್ನ ಸಹಿ ಬಿದ್ದವು.

"ನೋಡಿದ್ರಾ ಪ್ರಾಮಾಣಿಕತೆ!" ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡರು. "ಸ್ವಂತ ಹೆಂಡತಿ ಅಂತಾನೂ ನೋಡ್ಲಿಲ್ಲ."

ಒತಿಲಿಯಾ ಮರಿಯನ್ನು ಎತ್ತಿಕೊಂಡಳು, ಗಿರಣಿ ರಸ್ತೆ ದಾಟಿದಳು, ತಂಗಿಯ ಕೈಗೆ ಕೊಟ್ಟಳು, ವಾಪಸು ಬಂದಳು. ಆ ಹತ್ತು ಹೆಜ್ಜೆ ಬರುವಷ್ಟರಲ್ಲಿ ಅವಳಿಗೆ ಹತ್ತು ವರ್ಷ ವಯಸ್ಸಾದಂತೆ ಕಂಡಿತು. ನನಗೆ ನಿಜವಾಗಿ ಹೊಟ್ಟೆ ಉರಿಯಿತು. ಆದರೆ ಸಾಕ್ಷಿಯ ಸಹಿ ಹಾಕಿದವನು ಹೊಟ್ಟೆ ಉರಿದುಕೊಂಡು ಏನು ಪ್ರಯೋಜನ?

ಮಾರ್ಚಿನಲ್ಲಿ ದೋನ್ಯಾ ರೊಸೆಂದಾ ಕೂಗಿದಳು. ಮಧ್ಯಾಹ್ನ ಎರಡೂವರೆ. ಅಧ್ಯಕ್ಷರ ತಾಯಿ ಬದುಕಿದ್ದಾಗಲೂ ಆ ಮನೆಯಿಂದ ಅಷ್ಟು ಜೋರು ದನಿ ಬಂದಿರಲಿಲ್ಲ. ಮರುದಿನ ಠಾಣೆ ಹಿತ್ತಲಲ್ಲಿ ಇನ್ನೊಂದು, ಆಮೇಲೆ ಪಾದ್ರಿಯ ಅಡುಗೆಮನೆ ಹಿಂದೆ ಮತ್ತೊಂದು. ವಾರದೊಳಗೆ ಹದಿಮೂರೂ ಹೇಂಟೆಗಳು, ಪ್ರತಿಯೊಂದೂ ಪುರಸಭೆಯ ಮುದ್ರೆಯೊಂದಿಗೆ, ಸರದಿಯ ಮೇಲೆ ಕೂಗತೊಡಗಿದವು. ಊರಿನಲ್ಲಿ ಮಧ್ಯಾಹ್ನದ ನಿದ್ದೆ ಎಂಬುದು ಹಿರಿಯರು ಹೇಳುವ ಹಳೆಯ ಕಥೆಯಾಯಿತು.

ಆದರೆ ಒಬ್ಬನೂ ದೂರು ಕೊಡಲಿಲ್ಲ. ದೂರು ಕೊಟ್ಟವನ ಹಿತ್ತಲನ್ನೂ ನೋಡಬೇಕಾಗುತ್ತದಲ್ಲ. ಅಷ್ಟು ಹೊತ್ತಿಗೆ ಎಲ್ಲರಿಗೂ ಕೋಳಿಯ ಮೇಲೆ ಜೀವ. ನನ್ನ ಅಂಗಡಿಯಲ್ಲಿ ಕೆಂಪು ಕಣ್ಣು ಬಿಟ್ಟುಕೊಂಡು ಕೂರುತ್ತಿದ್ದರು.

"ನಮ್ಮ ರೊಸೆಂದಾಗೆ ಶೀತ" ಎನ್ನುವರು ಅಧ್ಯಕ್ಷರು. "ಗಂಟಲು ಕಟ್ಟಿದೆ, ಪಾಪ."

"ನಮ್ಮದು ಹಾಡುತ್ತೆ" ಎನ್ನುವರು ಠಾಣೆ ಸಾಹೇಬರು. "ಸಂಗೀತ ನಮ್ಮ ವಂಶದಲ್ಲೇ ಇದೆ."

ಹೆಡ್‌ಮಿಸ್ಸನ್ನು ದಾರಿಯಲ್ಲಿ ನಿಲ್ಲಿಸಿ ನಾನೇ ಕೇಳಿದೆ: "ಮೇಡಂ, ನಿಮ್ಮ ಮನೆಯಿಂದ ನಿನ್ನೆ ಏನೋ ಕೂಗಿದ ಹಾಗಾಯ್ತು."

"ಅದು ಕೂಗಲ್ಲಪ್ಪ, ಉಚ್ಚಾರಣೆ" ಎಂದರು ಅವರು. "ಓದು ಬರಹ ಇರೋ ಮನೇಲಿ ಬೆಳೆದ ಹೇಂಟೆ ಸ್ಪಷ್ಟವಾಗೇ ಮಾತಾಡುತ್ತೆ."

ಏಪ್ರಿಲ್ ಕೊನೆಯಲ್ಲಿ ರಸ್ತೆಯ ಆಚೆ ಬದಿಯಲ್ಲಿ ಪೆಲೂಸಾ ಮೊಟ್ಟೆಯಿಟ್ಟಿತು. ಎದುವಿಹೆಸ್ ಅದನ್ನು ತೊಳೆದು, ಒಂದು ಗಾಜಿನ ಲೋಟದ ಮೇಲೆ ಕೂರಿಸಿ, ಅಕ್ಕನ ಮನೆಗೆ ಕಾಣುವಂತೆ ಕಿಟಕಿಯಲ್ಲಿ ಇಟ್ಟಳು. ಬಾಲ್ದೊಮೇರೊ ಹೊರಗೆ ಕುರ್ಚಿ ಹಾಕಿಕೊಂಡು ಮಾಟೆ ಕಷಾಯ ಹೀರುತ್ತಿದ್ದ. ಮೊಟ್ಟೆ ನೋಡಿದವನು ಕೊಳವೆಯಲ್ಲಿ ಹೀರುವುದರ ಬದಲು ಊದಿಬಿಟ್ಟ.

"ಭಾವಾ, ನಿಮ್ಮ ಹುಂಜ ಹೆತ್ತಿದೆ!" ಎಂದು ಎದುವಿಹೆಸ್ ಕೂಗಿದಳು. "ಬಾಣಂತಿ ಆರೋಗ್ಯವಾಗಿದ್ದಾಳೆ, ಬಂದು ನೋಡ್ಕೊಂಡು ಹೋಗಿ!"

ಒತಿಲಿಯಾ ಬಾಗಿಲಿಗೆ ಬಂದಳು. ಆರು ತಿಂಗಳಲ್ಲಿ ಮೊದಲ ಸಲ ಗಂಡನ ಜೊತೆ ಉದ್ದ ಮಾತಾಡಿದಳು. "ನಂಗೆ ನನ್ನ ಕೋಳಿ ಬೇಕು. ನೀನೇ ಕಳಿಸಿದ್ದು, ನೀನೇ ತಂದುಕೊಡು. ಪುರಸಭೆಗೆ ಹೋಗು, ನಂಗೇನೂ ಗೊತ್ತಿಲ್ಲ, ತಪ್ಪಾಯ್ತು ಅಂತ ಹೇಳು. ಎರಡೇ ಮಾತು."

"ಆಯ್ತು ಒತಿಲಿಯಾ, ಹೇಳ್ತೀನಿ" ಎಂದ. ಪಾಪ, ಅವನು ನಿಜವಾಗಿಯೂ ಹೇಳಲು ಸಿದ್ಧನಾಗಿದ್ದ. ತಪ್ಪು ಒಪ್ಪಿಕೊಳ್ಳುವುದೇ ಕಷ್ಟ ಎಂದುಕೊಂಡಿದ್ದ. ಒಪ್ಪಿಕೊಂಡರೂ ತೆಗೆದುಕೊಳ್ಳುವವರು ಬೇಕು ಎಂದು ಅವನಿಗೆ ಗೊತ್ತಿರಲಿಲ್ಲ.

ಧೈರ್ಯಕ್ಕೆಂದು ನನ್ನನ್ನೂ ಎಳೆದುಕೊಂಡು ಹೋದ. ಅಧ್ಯಕ್ಷರ ಕೋಣೆಯಲ್ಲಿ ಟೋಪಿ ತೆಗೆದು ನಿಂತ.

"ಸ್ವಾಮಿ, ನಂಗೆ ಕೋಳಿ ವಿಷಯ ಏನೂ ಗೊತ್ತಿಲ್ಲ."

"ಎಂಥ ವಿನಯ!" ಎಂದರು ಅಧ್ಯಕ್ಷರು.

"ವಿನಯ ಅಲ್ಲ ಸ್ವಾಮಿ. ಸುಳ್ಳು ಹೇಳಿದ್ದೆ. ಆ ಉಂಗುರ ಯಾವ ಕಡೆ ಬೇಕಾದ್ರೂ ಆಡುತ್ತೆ, ಕೈ ಸ್ವಲ್ಪ ಅಲ್ಲಾಡಿಸಿದ್ರೆ ಸಾಕು. ನನ್ನ ಹೆಂಡ್ತಿ ಮರಿ ಹೇಂಟೆ. ಮೊಟ್ಟೆ ಇಟ್ಟಿದೆ."

ಅಧ್ಯಕ್ಷರು ಎದ್ದು ಹೋಗಿ ಬಾಗಿಲು ಮುಚ್ಚಿದರು. "ದೋನ್ ಬಾಲ್ದೊ, ನಿಧಾನವಾಗಿ ಯೋಚನೆ ಮಾಡಿ. ಅದು ಹೇಂಟೆ ಅಂದ್ರೆ ನಿಮ್ಮ ಚೀಟಿ ತಪ್ಪು. ಒಂದು ಚೀಟಿ ತಪ್ಪಾದ್ರೆ ಹದಿನಾಲ್ಕೂ ಅನುಮಾನ. ಆಗ ನಮ್ಮ ರೊಸೆಂದಾ?"

ಅಷ್ಟರಲ್ಲಿ ಕಿಟಕಿಯಾಚೆಯಿಂದ ರೊಸೆಂದಾ ತಾನೇ ಉತ್ತರ ಕೊಟ್ಟಳು, ಮೂರು ಸಲ.

"ಶೀತ" ಎಂದರು ಅಧ್ಯಕ್ಷರು, ನಮ್ಮ ಕಣ್ಣು ತಪ್ಪಿಸಿ.

ಅದೇ ವಾರ ಪುರಸಭೆ ತುರ್ತು ಸಭೆ ಸೇರಿತು. ಕೋಳಿಯಿದ್ದ ಸದಸ್ಯರೆಲ್ಲ ಬಂದಿದ್ದರು, ಅಂದರೆ ಸದಸ್ಯರೆಲ್ಲ ಬಂದಿದ್ದರು. ಹೆಡ್‌ಮಿಸ್ಸೇ ಠರಾವು ಬರೆದು ತಂದಿದ್ದರು, ಈ ಸಲ ಒಂದೇ ಪುಟ: ದೋನ್ ಬಾಲ್ದೊಮೇರೊ ಕೊಟ್ಟ ಚೀಟಿಗಳೇ ಅಂತಿಮ, ಕೋಳಿ ಆಮೇಲೆ ಏನು ಮಾಡಿದರೂ ಅದರ ಸ್ವಂತ ಜವಾಬ್ದಾರಿ, ಚೀಟಿಗೆ ಬಾಧಕವಿಲ್ಲ. ಬಾಲ್ದೊಮೇರೊ ಎದ್ದು ಕೈಮುಗಿದು, "ಅಯ್ಯೋ, ನಾನು ಹೇಳೋದು ಕೇಳ್ರಪ್ಪ, ನಂಗೇನೂ ಗೊತ್ತಿಲ್ಲ" ಎಂದ. ಜನ ಚಪ್ಪಾಳೆ ತಟ್ಟಿದರು. ಅವನನ್ನು ಪುರಸಭೆಯ ಗೌರವ ಕುಕ್ಕುಟ ತಜ್ಞ ಎಂದು ಘೋಷಿಸಿ ಹಿತ್ತಾಳೆಯ ಫಲಕ ಕೊಟ್ಟರು. ಅದನ್ನು ಮನೆಯ ಬಾಗಿಲಿಗೆ ಹೊಡೆಯಲು ಪುರಸಭೆಯ ಬಡಗಿಯೇ ಬಂದ.

ಒತಿಲಿಯಾ ಫಲಕ ಓದಿದಳು. "ಚೆನ್ನಾಗಿದೆ. ಇದಕ್ಕೇ ಕಾಳು ಹಾಕ್ತೀನಿ ಬಿಡು" ಎಂದಳು.

ಆ ಮಾತು ಅವನಿಗೆ ತಾಗಿತು. ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ ನನ್ನ ಕಿವಿಯಲ್ಲಿ, "ಕದ್ದು ತಂದುಬಿಡ್ತೀನಿ ಕಣೋ. ಮಧ್ಯಾಹ್ನ ಎರಡು ಗಂಟೆಗೆ. ಊರಿಗೆ ಊರೇ ಮಲಗಿರುತ್ತೆ" ಎಂದ. ಹುಟ್ಟಿದಾಗಿನಿಂದ ಕೂತ ನಂಬಿಕೆ ಅಷ್ಟು ಬೇಗ ಹೋಗುತ್ತದೆಯೇ? ತನ್ನ ಚೀಟಿಗಳ ಪುಣ್ಯದಿಂದ ಎರಡು ತಿಂಗಳಿಂದ ಊರಿನಲ್ಲಿ ಒಂದು ಪಿಳ್ಳೆಯೂ ಮಲಗಿಲ್ಲ ಎಂಬುದನ್ನು ಈ ತಜ್ಞ ಮರೆತೇಬಿಟ್ಟಿದ್ದ.

ಪೆಲೂಸಾಳನ್ನು ಕೋಟಿನೊಳಗೆ ಹಾಕಿಕೊಂಡು ರಸ್ತೆ ದಾಟಿದ. ಹೊಟ್ಟೆ ಮುಂದಕ್ಕೆ ಬಂದಿತ್ತು, ಗುಂಡಿಯ ಸಂದಿಯಲ್ಲಿ ಬಿಳಿ ಕೂದಲು ಇಣುಕುತ್ತಿತ್ತು. ಪ್ರತಿ ಕಿಟಕಿಯಲ್ಲೂ ನಿದ್ದೆಯಿಲ್ಲದ ಒಂದು ಮುಖ. ಹೆಡ್‌ಮಿಸ್ ತಮ್ಮ ಕಿಟಕಿಯಿಂದಲೇ, "ಹುಂಜ! ಹುಂಜ ಒಳಗೆ ಬಂತು!" ಎಂದು ಕಿರುಚಿದರು. ಅವರ ಹಿಂದೆ ಅವರ ಹೇಂಟೆಯೂ ದನಿಗೂಡಿಸಿತು.

ಸಾಕ್ಷಿ ಎಂದು ಮತ್ತೆ ನನ್ನನ್ನೇ ಠಾಣೆಗೆ ಕರೆದರು. ಬರ್ರಾಗಾನ್ ಸಾಹೇಬರು ಪೆಲೂಸಾಳನ್ನು ಮೇಜಿನ ಮೇಲೆ, ದೊಡ್ಡ ದಾಖಲೆ ಪುಸ್ತಕದ ಪಕ್ಕದಲ್ಲಿ ಇರಿಸಿ ಬರೆಯತೊಡಗಿದರು.

"ಊರೊಳಗೆ ಹುಂಜ ತಂದಿದ್ದೀರಿ. ತಜ್ಞರಾಗಿ ನೀವೇ ಹೀಗೆ ಮಾಡಿದ್ರೆ ಹೇಗೆ ದೋನ್ ಬಾಲ್ದೊ?"

"ಸಾಹೇಬ್ರೆ, ಅದು ಹೇಂಟೆ!"

"ಯಾರು ಹೇಳಿದ್ದು?"

"ನಾನೇ ಹೇಳ್ತಿದೀನಲ್ಲ, ತಜ್ಞ!"

"ಹುಂಜ ಅಂತ ಬರೆದುಕೊಟ್ಟವರು?"

"ಅದೂ ನಾನೇ."

"ಬರೆದಿದ್ದೇ ನಿಜ. ಬಾಯಿಮಾತಿಗೆ ಠಾಣೇಲಿ ಬೆಲೆ ಇಲ್ಲ."

ಪೆಲೂಸಾ ಈ ವಾದವನ್ನು ಸ್ವಲ್ಪ ಹೊತ್ತು ಕೇಳಿತು. ಆಮೇಲೆ ಎದ್ದು ಎರಡು ಸುತ್ತು ಹಾಕಿ, ದಾಖಲೆ ಪುಸ್ತಕದ ಮೇಲೆ ಹತ್ತಿ ಕೂತು, ಎಲ್ಲರೂ ನೋಡುತ್ತಿರುವಾಗಲೇ ಮೊಟ್ಟೆಯಿಟ್ಟಿತು. ಮೊಟ್ಟೆ ಉರುಳಿ ಸಾಹೇಬರ ಪೆನ್ನಿಗೆ ತಗುಲಿ ನಿಂತಿತು. ಬಾಲ್ದೊಮೇರೊ ಎರಡೂ ಕೈ ಎತ್ತಿ ಮೊಟ್ಟೆಯನ್ನು ತೋರಿಸಿದ.

ಸಾಹೇಬರು ಮೊಟ್ಟೆಯನ್ನು ದಿಟ್ಟಿಸಿದರು. ಹಿತ್ತಲಿನಲ್ಲಿ ಅವರ ಸಂಗೀತಗಾರ್ತಿ ಒಂದು ದೀರ್ಘ ಆಲಾಪ ಎತ್ತಿದಳು. ಆ ದನಿ ಕೇಳಿ ಸಾಹೇಬರ ಮುಖ ಮೆತ್ತಗಾಯಿತು. ಮನುಷ್ಯನಿಗೆ ಅದರ ಮೇಲೆ ಪ್ರೀತಿ ಇತ್ತು, ಅದನ್ನು ಅಲ್ಲಗಳೆಯಲಾರೆ. ಪೆನ್ನು ಎತ್ತಿಕೊಂಡು ದಪ್ಪ ಅಕ್ಷರದಲ್ಲಿ ಬರೆದರು: "ವಶಪಡಿಸಿಕೊಂಡದ್ದು, ಹುಂಜ ಒಂದು. ಸದರಿ ಹುಂಜದ ಮೊಟ್ಟೆ ಒಂದು." ನಾನು ಕೆಳಗೆ ಸಹಿ ಹಾಕಿದೆ.

ಹುಂಜವನ್ನು ಪೊಲೀಸ್ ಕಾವಲಿನಲ್ಲಿ ರಸ್ತೆ ದಾಟಿಸಿದರು. ಅದರ ಹಿಂದೆಯೇ, ಒಂದು ಸಣ್ಣ ಪೆಟ್ಟಿಗೆ ಹಿಡಿದುಕೊಂಡು, ಒತಿಲಿಯಾಳೂ ದಾಟಿದಳು.

"ಎಲ್ಲಿಗೆ ಒತಿಲಿಯಾ?" ಎಂದು ಬಾಲ್ದೊಮೇರೊ ಕೇಳಿದ.

"ಈ ಕಡೆ ಯಾವುದು ಏನು ಅಂತ ನಂಗೆ ಗೊತ್ತಾಗ್ತಿಲ್ಲ" ಎಂದಳು ಅವಳು, ತಿರುಗಿ ನೋಡದೆ. "ಆ ಕಡೆ ಮೊಟ್ಟೆ ಇಟ್ಟಿದ್ದು ಹೇಂಟೆ."

ಒಂಬತ್ತು ದಿನ ಬಾಲ್ದೊಮೇರೊ ಹಿತ್ತಾಳೆ ಫಲಕದ ಕೆಳಗೆ ಒಬ್ಬನೇ ಕೂತ. ಎದುರು ಅಂಗಳದಲ್ಲಿ ಒತಿಲಿಯಾ ಮಡಿಲಲ್ಲಿ ಪೆಲೂಸಾಳನ್ನು ಹಾಕಿಕೊಂಡು ತಂಗಿಯ ಜೊತೆ ನಗುವುದು ಇಲ್ಲಿಗೇ ಕೇಳಿಸುತ್ತಿತ್ತು. ಮುದುಕ ಸೊರಗಿಹೋದ. ಗಡ್ಡ ಮಾಡಿಸಿಕೊಳ್ಳಲೂ ಬರಲಿಲ್ಲ. ಫಲಕವನ್ನು ಹಿಂದಕ್ಕೆ ಕೊಡಲು ಹೋದರೆ ಅಧ್ಯಕ್ಷರು ಅದನ್ನು ಉಜ್ಜಿಸಿ, ಇನ್ನೂ ಹೊಳೆಯುವಂತೆ ಮಾಡಿ ವಾಪಸು ಕಳಿಸಿದರು.

ಹತ್ತನೆಯ ದಿನ ಮಧ್ಯಾಹ್ನ ಎರಡೂವರೆಗೆ ಅವನು ಎದ್ದ. ಕುರ್ಚಿಯನ್ನು ಬಗಲಿಗೆ ಇರುಕಿಕೊಂಡು ರಸ್ತೆ ದಾಟಿ ನಾದಿನಿಯ ಗೇಟಿನ ಮುಂದೆ ನಿಂತ.

"ಭಾವಾ, ಇಲ್ಲಿ ನಿಮ್ಮ ಚೀಟಿ ನಡೆಯಲ್ಲ" ಎಂದಳು ಎದುವಿಹೆಸ್.

"ಚೀಟಿ ತಂದಿಲ್ಲಮ್ಮ. ನಿಮ್ಮಕ್ಕನ್ನ ಕರಿ."

ಒತಿಲಿಯಾ ಜಗುಲಿಯಿಂದ ಇಳಿಯಲಿಲ್ಲ. "ಅವತ್ತು ಊರೆಲ್ಲ ನೋಡ್ತಿದ್ದಾಗ ಒಂದು ಮಾತು ಹೇಳಿದ್ಯಲ್ಲ" ಎಂದಳು. "ಇವತ್ತೂ ಊರಿಗೆಲ್ಲ ಕೇಳೋ ಹಾಗೆ ಹೇಳು. ನನಗೆ ಹೇಳಬೇಡ. ಆ ಕಡೆ ತಿರುಗಿ ಹೇಳು."

ಬಾಲ್ದೊಮೇರೊ ತಿರುಗಿದ. ಕುರ್ಚಿ ಹಾಕಿ ಅದರ ಮೇಲೆ ಹತ್ತಿ ನಿಂತ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಪಿಸುಗುಟ್ಟಿದವನಿಗೆ ಅಷ್ಟು ದೊಡ್ಡ ಗಂಟಲಿದೆ ಎಂದು ನನಗೆ ಗೊತ್ತಿರಲಿಲ್ಲ.

"ಕೇಳ್ರಪ್ಪೋ! ನಂಗೆ ಏನೂ ಗೊತ್ತಿಲ್ಲ! ನಿಮ್ಮವು ಹದಿಮೂರೂ ಹುಂಜ! ನನ್ನ ಹೆಂಡ್ತೀದು ಹೇಂಟೆ! ನಾನು ಸುಳ್ಳ! ದೊಡ್ಡ ಸುಳ್ಳ!"

ಬರ್ರಾಗಾನ್ ಸಾಹೇಬರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡಿಬಂದರು. "ದೋನ್ ಬಾಲ್ದೊ! ನಿದ್ದೆ ಹೊತ್ತು! ಒಳಗೆ ಹಾಕ್ತೀನಿ!"

"ಹಾಕಿ ಸಾಹೇಬ್ರೆ! ಮೊದಲು ರಸ್ತೆ ದಾಟಿ ಬನ್ನಿ!"

ಸಾಹೇಬರು ಎಲ್ಲೆಯ ತುದಿಯಲ್ಲಿ ಬೂಟು ಜೋಡಿಸಿಕೊಂಡು ನಿಂತುಬಿಟ್ಟರು. ಆಚೆ ಬದಿ ಅವರ ಠಾಣೆಗೆ ಸೇರಿದ್ದಲ್ಲ. ಬಾಲ್ದೊಮೇರೊ ಇನ್ನೊಮ್ಮೆ ಮೊದಲಿನಿಂದ ಕೂಗಿದ. ಅಧ್ಯಕ್ಷರ ಮನೆಯ ಕಿಟಕಿ ಮುಚ್ಚಿತು. ಪಾದ್ರಿಯದು ಮುಚ್ಚಿತು. ಹೆಡ್‌ಮಿಸ್ ಒಂದು ಬಾಗಿಲು ಎಳೆದುಕೊಂಡು, ಕೋಳಿಯನ್ನು ಒಳಗೆ ನೂಕಿ, ಇನ್ನೊಂದು ಬಾಗಿಲನ್ನೂ ಎಳೆದುಕೊಂಡರು. ರಸ್ತೆಯುದ್ದಕ್ಕೂ ಕಿಟಕಿಗಳು ಒಂದರ ಹಿಂದೊಂದು ಪಟಪಟನೆ ಮುಚ್ಚಿಕೊಂಡವು.

ಒತಿಲಿಯಾ ಜಗುಲಿಯಿಂದ ಇಳಿದು ಬಂದು ಗೇಟಿನ ಚಿಲಕ ತೆಗೆದಳು. "ಸಾಕು ಇಳಿ, ಬಿದ್ದೀಯ" ಎಂದು ಕುರ್ಚಿ ಹಿಡಿದುಕೊಂಡಳು. ಅವನು ಅಳುತ್ತ ಇಳಿದ. ಅಲ್ಲಿಂದಲೇ ಅವನ ಕಣ್ಣು ನನ್ನ ಅಂಗಡಿಯ ಕಡೆ ಹೊರಳಿತು. ಇಡೀ ಬೀದಿಯಲ್ಲಿ ತೆರೆದಿದ್ದ ಬಾಗಿಲು ಅದೊಂದೇ. ಹದಿನಾಲ್ಕು ಚೀಟಿಗೂ, ಠಾಣೆಯ ಪುಸ್ತಕಕ್ಕೂ ಸಾಕ್ಷಿ ಹಾಕಿದವನು ನಾನು. ಒಂದು ಮಾತು ಹೇಳಬಹುದಿತ್ತು. ಆ ಹದಿಮೂರು ಮನೆಯವರೂ ತಿಂಗಳಿಗೆ ಎರಡು ಸಲ ನನ್ನ ಕುರ್ಚಿಯಲ್ಲಿ ಕೂರುವವರು. ನಾನು ಷಟರಿನ ಕೊಕ್ಕೆ ಹಿಡಿದು ಮೆಲ್ಲನೆ, ಸದ್ದಾಗದಂತೆ, ಕೆಳಗೆ ಎಳೆದುಕೊಂಡೆ.